ಗಂಗಾವತಿ ಗುಮಾಸ್ತರ ಕೇಸು: ಮರೆವಿಗೆ ಇಇಜಿ ಯಾಕೆ ಮಾಡಿದ್ವಿ

ನಾನು ಬಳ್ಳಾರಿಯಲ್ಲಿ ಇಇಜಿ ಟೆಕ್ನಿಷಿಯನ್. ತಲೆ ಅಳತೆ ತಗೊಳೋದು, ಪೇಸ್ಟ್ ಹಚ್ಚಿ ವೈರ್ ಅಂಟಿಸೋದು, ಮೆದುಳಿನ ಅಲೆ ರೆಕಾರ್ಡ್ ಮಾಡೋದು, ಆಮೇಲೆ ಕೂದಲಿಗೆ ಹತ್ತಿದ ಪೇಸ್ಟ್ ಒದ್ದೆ ಬಟ್ಟೆಯಿಂದ ಒರೆಸಿ ಕಳಿಸೋದು, ಇಷ್ಟು ನನ್ನ ಕೆಲಸ. ರಿಪೋರ್ಟ್ ಬರೆಯೋದು ನರರೋಗದ ಡಾಕ್ಟ್ರು. ನಮ್ಮಲ್ಲಿಗೆ ಬರೋರು ಬಹುತೇಕ ಫಿಟ್ಸ್ ಕೇಸುಗಳೇ, ಮರೆವಿಗೆ ಅಂತ ಯಾರಾದ್ರೂ ಬಂದ್ರೆ "ಎಂಆರ್‌ಐ ಆಗೇತಲ್ರೀ, ಮತ್ತ ಇದ್ಯಾಕ?" ಅಂತ ಮನೆಯವರು ಮೊದ್ಲು ಕೇಳ್ತಾರೆ. ನ್ಯಾಯವಾದ ಪ್ರಶ್ನೆನೇ. ಅದಕ್ಕೆ ಒಂದು ಕೇಸನ್ನ ಮೊದ್ಲಿಂದ ಕೊನೆವರೆಗೂ ಬರೀತಿದೀನಿ. ಮನೆಯವರ ಒಪ್ಪಿಗೆ ತಗೊಂಡಿದೀನಿ, ಹೆಸರು ಹಾಕಿಲ್ಲ, ಗುರುತು ಸಿಗೋ ಒಂದೆರಡು ವಿವರ ಬದಲಿಸಿದೀನಿ, ಕಾಯಿಲೆ ವಿಚಾರ ಬರೋ ಭಾಗನ ಡಾಕ್ಟ್ರು ಓದಿ ತಿದ್ದಿಕೊಟ್ಟಿದ್ದಾರೆ.

ಯಜಮಾನ್ರಿಗೆ 69 ವರ್ಷ. ಗಂಗಾವತಿ ಕಡೆ ಒಂದು ರೈಸ್ ಮಿಲ್ಲಲ್ಲಿ ಗುಮಾಸ್ತರಾಗಿ ಮೂವತ್ತು ವರ್ಷದ ಮೇಲೆ ದುಡಿದೋರು. ಓದಿದ್ದು ಎಸ್ಸೆಸ್ಸೆಲ್ಸಿ, ಆದ್ರೆ ಎಷ್ಟು ಲೋಡು ಭತ್ತ ಬಂತು, ಅಕ್ಕಿ ಎಷ್ಟು ಬಿತ್ತು, ನುಚ್ಚೆಷ್ಟು, ತೌಡು ಯಾವ ರೇಟಿಗೆ ಹೋಯ್ತು ಎಲ್ಲಾ ಬಾಯಲ್ಲೇ ಲೆಕ್ಕ. ಶುಗರ್ ಇಲ್ಲ, ಕುಡಿತ ಇಲ್ಲ, ಬಿಪಿಗೆ ಒಂದು ಮಾತ್ರೆ ಅಷ್ಟೇ. 2024ರ ಜೂನ್‌ನಲ್ಲಿ ಹೆಂಡತಿ ಮತ್ತು ಸೊಸೆ ಕರ್ಕೊಂಡು ಬಂದ್ರು. ಆಗ ಅವರು ನಡೆಯೋದು ಸಣ್ಣ ಸಣ್ಣ ಹೆಜ್ಜೆ, ಎರಡೂ ಕೈ ನಡುಗ್ತಿತ್ತು, ಮುಖದಲ್ಲಿ ನಗು ಸಿಟ್ಟು ಏನೂ ಕಾಣ್ತಿರ್ಲಿಲ್ಲ, ಮತ್ತೆ ಸೊಸೆ ಕೈಲಿದ್ದ ಚೀಟಿಯಲ್ಲಿ ಮಾತ್ರೆಗಳ ಉದ್ದ ಪಟ್ಟಿ.

ಮನೆಯವರು ಹೇಳಿದ್ದು

ಶುರುವಾಗಿದ್ದು ಎರಡು ವರ್ಷದ ಹಿಂದೆ ಅಂತ ಸೊಸೆ ಹೇಳಿದ್ರು. ಮನೆ ಖರ್ಚಿನ ಲೆಕ್ಕ ಬರೆಯೋ ಕೆಂಪು ಬಟ್ಟೆ ಹೊದಿಕೆಯ ಉದ್ದ ಖಾತೆ ಪುಸ್ತಕನ ಅವರು ಬ್ಯಾಗಲ್ಲಿ ತಂದಿದ್ರು, ಯಾರೂ ತರಕ್ಕೆ ಹೇಳಿರ್ಲಿಲ್ಲ, ಅವರಿಗೇ ತೋರಿಸ್ಬೇಕು ಅನ್ನಿಸಿದೆ. 2019ರ ಪುಟ ತೆಗೆದು ತೋರಿಸಿದ್ರು, ಬಿಡಿ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು, ನೂಲು ಹಿಡಿದು ಬರೆದಂಗೆ ನೇರ. ಆಮೇಲೆ 2023ರ ಪುಟ. ಮೊದಲ ನಾಕು ಸಾಲು ಸರಿ ಅದಾವೆ, ಐದನೇದ್ರಿಂದ ಅಂಕಿಗಳು ಬಲಕ್ಕೆ ಜಾರ್ತಾ ಜಾರ್ತಾ ಹೋಗಿ ಪುಟದ ಅಂಚಿಗೆ ಬಂದು ನಿಂತಿದಾವೆ, ನೂರರ ಕೆಳಗೆ ಹತ್ತು, ಹತ್ತರ ಕೆಳಗೆ ಬಿಡಿ, ಕೂಡಿದ್ರೆ ಏನೇನೋ ಮೊತ್ತ. ಆದ್ರೆ ಯಾವ ದಿನ ಏನು ತಂದ್ರು, ಯಾರಿಗೆ ಎಷ್ಟು ಕೊಟ್ರು ಅನ್ನೋದು ಒಂದೂ ತಪ್ಪಿಲ್ಲ. ಸೊಸೆ ಅಂಗಡಿ ಚೀಟಿ ಇಟ್ಕೊಂಡು ತಾಳೆ ನೋಡಿದ್ರಂತೆ. ಮರೆವು ಅಂತ ನಾವು ಸುಲಭಕ್ಕೆ ಹೇಳ್ತೀವಲ್ಲ, ಇವರಿಗೆ ಆಗಿದ್ದು ಅದಲ್ಲ. ನೆನಪು ಅದೆ, ಕಣ್ಣಿಗೆ ಕಂಡ ಜಾಗನ ಕೈಗೆ ಕೂಡಿಸೋದು ತಪ್ಪಿದೆ.

ಒಂದಿನ ಚೆನ್ನಾಗಿರ್ತಾರೆ, ಪೇಪರ್ ಓದ್ತಾರೆ, ಭತ್ತದ ರೇಟು ಕೇಳ್ತಾರೆ. ಮರುದಿನ ಮಧ್ಯಾಹ್ನ ಊಟದ ತಾಟಿನ ಮುಂದೆ ಕೂತು ಗೋಡೆ ನೋಡ್ತಾ ಇರ್ತಾರೆ, ಕರೆದ್ರೆ ಓ ಅನ್ನಲ್ಲ. ಆಮೇಲೆ ಸಣ್ಣ ಹುಡುಗ್ರು ಕಾಣಕ್ಕೆ ಶುರುವಾದ್ರು. "ಅಕ್ಕಿ ಚೀಲದ ಮ್ಯಾಲ ಮೂರು ಹುಡುಗ್ರು ಕುಂತಾವಂತ್ರೀ, ಮಾತಾಡಂಗಿಲ್ಲಂತ, ಸುಮ್ನ ನೋಡ್ತಾವಂತ. ಹಸದಾವ ಏನೋ ಅಂತ ತಮ್ಮ ತಾಟಿನ್ಯಾಗಿನ ರೊಟ್ಟಿ ಮುರದು ಚೀಲದ ಮ್ಯಾಲ ಇಟ್ಟಬರ್ತಾರ" ಅಂದ್ರು ಹೆಂಡತಿ, ಹೇಳ್ತಾ ಸೆರಗು ಬಾಯಿಗೆ ಹಿಡಿದ್ರು. ಊರಲ್ಲಿ ಗಾಳಿ ಸೋಕ್ಯದ ಅಂದೋರೂ ಇದ್ರು, ಅರವತ್ತಕ್ಕೆ ಅರಳು ಮರಳು ಬಿಡ್ರಿ ಅಂದೋರೂ ಇದ್ರು. ಹುಲಿಗೆಮ್ಮನಿಗೆ ಹರಕೆ ಹೊತ್ತು ಬಂದಿದ್ರು, ಅದರಲ್ಲಿ ತಪ್ಪೇನೂ ಇಲ್ಲ, ಮನಸ್ಸಿಗೆ ಒಂದು ಧೈರ್ಯ ಬೇಕಲ್ಲ.

ಡಾಕ್ಟ್ರು ಆಗ ಒಂದು ಪ್ರಶ್ನೆ ಕೇಳಿದ್ರು, ರಾತ್ರಿ ನಿದ್ದೆ ಹೆಂಗ? ಹೆಂಡತಿ ಸ್ವಲ್ಪ ನಾಚಿಕೊಂಡ್ರು. "ಆರೇಳು ವರ್ಷ ಆತ್ರೀ, ನಿದ್ದಿಯಾಗ ಒದೀತಾರ, ಕಳ್ಳ ಬಂದ ಹಿಡೀರಿ ಹಿಡೀರಿ ಅಂತ ಒದರ್ತಾರ. ಒಮ್ಮಿ ನನ್ನ ಕೈ ತಿರುವಿಬಿಟ್ರು. ಅವತ್ತಿನಿಂದ ನಾ ಪಡಸಾಲ್ಯಾಗ ಮಕ್ಕೋತೀನಿ. ಇದಕ್ಕೂ ಅದಕ್ಕೂ ಏನ್ರೀ ಸಂಬಂಧ?" ಸಂಬಂಧ ಅದೆ. ಕನಸು ಬೀಳೋ ನಿದ್ದೆಯಲ್ಲಿ ನಮ್ಮ ಕೈಕಾಲು ಸಡಿಲಾಗಿ ಬಿದ್ದಿರ್ಬೇಕು, ಮೆದುಳಿನ ಬುಡದಲ್ಲಿರೋ ಒಂದು ವ್ಯವಸ್ಥೆ ಅದನ್ನ ನೋಡ್ಕೋತದೆ, ಅದು ಕೆಟ್ರೆ ಮನುಷ್ಯ ಕನಸನ್ನ ಕೈಕಾಲಿಂದ ಆಡ್ತಾನೆ. ಪಾರ್ಕಿನ್‌ಸನ್ ಅನ್ನೋ ನಡುಕದ ಕಾಯಿಲೆ ಆಗಲಿ, ಲೆವಿ ಬಾಡಿ ಡಿಮೆನ್ಷಿಯಾ ಅನ್ನೋ ಬುದ್ಧಿ ಕುಂದಿಸೋ ಕಾಯಿಲೆ ಆಗಲಿ ಬರೋದಕ್ಕೆ ಎಷ್ಟೋ ವರ್ಷ ಮೊದ್ಲೇ ಇದು ಕಾಣಿಸ್ಕೋಬಹುದು. ಎರಡು ವರ್ಷ ಓಡಾಡಿದ್ರೂ ಈ ಪ್ರಶ್ನೆನ ಅವರಿಗೆ ಯಾರೂ ಕೇಳಿರ್ಲಿಲ್ಲ.

ನಮ್ಮಲ್ಲಿಗೆ ಬರೋ ಮೊದ್ಲು, ಮಾರ್ಚ್‌ನಲ್ಲಿ ಒಂದು ರಾತ್ರಿ ಹುಡುಗ್ರನ್ನ ಹುಡುಕ್ತೀನಿ ಅಂತ ಬಾಗಿಲು ತೆಗೆದು ಬೀದಿಗೆ ಹೋಗಿ ಗಲಾಟೆ ಮಾಡಿದಾರೆ. ಮನೆಯವರು ಹೆದರಿ ಒಂದು ನರ್ಸಿಂಗ್ ಹೋಮ್‌ಗೆ ಒಯ್ದಿದಾರೆ, ಅಲ್ಲಿ ಶಾಂತ ಆಗ್ಲಿ ಅಂತ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಕೊಟ್ಟಿದಾರೆ. ಬೆಳಗಾಗೋದ್ರೊಳಗೆ ಯಜಮಾನ್ರು ಕಟ್ಟಿಗೆ ಆಗಿದ್ರು. ಬಾಯಿಂದ ಜೊಲ್ಲು, ನೀರು ಕುಡಿಸಿದ್ರೆ ನೆತ್ತಿಗೇರೋದು, ಎಬ್ಬಿಸಿ ಕೂರಿಸಿದ್ರೆ ಹಂಗೇ ವಾಲೋದು. ಮೂರು ದಿನ. ಮೈ ಬಿಗಿತ ಇಳೀಲಿ ಅಂತ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಹಾಕಿದ್ರು. ಏಪ್ರಿಲ್‌ನಲ್ಲಿ ಇನ್ನೊಂದು ಕಡೆ ಇಇಜಿ ಮಾಡ್ಸಿದ್ರೆ "ಅಲೆ ನಿಧಾನ ಅದೆ, ಫಿಟ್ಸ್ ಇರಬಹುದು" ಅಂತ ರಿಪೋರ್ಟ್ ಬಂತು, ವ್ಯಾಲ್‌ಪ್ರೋಯೇಟ್ ಅನ್ನೋ ಫಿಟ್ಸ್ ಮಾತ್ರೆ ಶುರುವಾಯ್ತು. ಅದಾದ ಮೇಲೆ ಕೈನಡುಕ ಜಾಸ್ತಿ, ಮಂಪರು ಜಾಸ್ತಿ.

ಆ ಹಳೇ ಇಇಜಿ ಪ್ರಿಂಟು ನಾನೂ ನೋಡಿದೆ. ಹನ್ನೆರಡು ನಿಮಿಷದ ರೆಕಾರ್ಡಿಂಗ್. ಎಚ್ಚರ ಇದ್ರಾ, ನಿದ್ದೆ ಮಾಡ್ತಿದ್ರಾ, ಕಣ್ಣು ಯಾವಾಗ ತೆಗೆದ್ರು ಅಂತ ಒಂದು ಟಿಪ್ಪಣಿ ಇಲ್ಲ. ನೆತ್ತಿ ಹತ್ರ ಚೂಪಾಗಿ ಕಾಣ್ತಿದ್ದ ಅಲೆಗಳನ್ನ ಫಿಟ್ಸ್ ಅಂತ ಓದಿದ್ರು. ನಮ್ಮ ಡಾಕ್ಟ್ರು ತೋರಿಸಿದ್ರು, ಅದು ಯಾರಿಗಾದ್ರೂ ಜೊಂಪು ಹತ್ತಿದಾಗ ನೆತ್ತಿಯಲ್ಲಿ ಬರೋ ಮಾಮೂಲಿ ಅಲೆ, ಅಂದ್ರೆ ಮನುಷ್ಯ ಮಲಗಿಬಿಟ್ಟಿದ್ರು. ಮಲಗಿದೋರ ಅಲೆ ನಿಧಾನ ಇರದೆ ಇನ್ನೇನಿರ್ತದೆ? ಇದನ್ನ ಬರೆಯೋವಾಗ ನನಗೆ ನಿಜಕ್ಕೂ ಸಂಕಟ ಆಗ್ತದೆ, ಯಾಕಂದ್ರೆ ಇದು ನನ್ನದೇ ಕಸುಬಿನೋರ ಕೈಯಲ್ಲಿ ಆದ ತಪ್ಪು. ವೈರ್ ಅಂಟಿಸಿ ಹೊರಗೆ ಹೋಗಿ ಕೂರೋ ಕೆಲಸ ಅಲ್ಲ ಇದು.

ಅಲೆ ಅಂದ್ರೇನು, ನಿಧಾನ ಅಂದ್ರೇನು

ಜರ್ಮನಿಯ ಯೇನಾ ಊರಲ್ಲಿ ಹಾನ್ಸ್ ಬರ್ಗರ್ ಅನ್ನೋ ಮನೋವೈದ್ಯ 1924ರಲ್ಲಿ ಮೊದಲ ಸಲ ಮನುಷ್ಯನ ಮೆದುಳಿನ ಅಲೆ ರೆಕಾರ್ಡ್ ಮಾಡಿದ್ರು, 1929ರಲ್ಲಿ ಪ್ರಕಟಿಸಿದ್ರು. ಆರಾಮಾಗಿ ಕಣ್ಣು ಮುಚ್ಚಿ ಎಚ್ಚರ ಇರೋ ಮನುಷ್ಯನ ತಲೆ ಹಿಂಭಾಗದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯೋ ಅಲೆ ಬರ್ತದೆ, ಕಣ್ಣು ತೆಗೆದ್ರೆ ಅದು ಅಡಗ್ತದೆ. ಅದೇ ಆಲ್ಫಾ, 8ರಿಂದ 13 ಹರ್ಟ್ಜ್, ಅಂದ್ರೆ ಸೆಕೆಂಡಿಗೆ ಅಷ್ಟು ಸಲ. 4ರಿಂದ 8ರ ಒಳಗಿದ್ರೆ ಥೀಟಾ, 4ಕ್ಕಿಂತ ಕೆಳಗೆ ಡೆಲ್ಟಾ. ವಯಸ್ಸಾದೋರಿಗೆ ಆಲ್ಫಾ ಸ್ವಲ್ಪ ತಗ್ಗಬಹುದು, ಆದ್ರೆ ಪೂರ್ತಿ ಎಚ್ಚರ ಇದ್ದಾಗಲೂ 8ಕ್ಕಿಂತ ಕೆಳಗೆ ಬಂತು ಅಂದ್ರೆ ಎಂಬತ್ತು ವರ್ಷದೋರಿಗೂ ಅದು ಸಹಜ ಅಲ್ಲ. ಬರೀ ವಯಸ್ಸಾಯ್ತು ಅಂತ ಅದನ್ನ ತಳ್ಳಿ ಹಾಕಂಗಿಲ್ಲ.

ನಿಧಾನ ಯಾಕಾಗ್ತದೆ ಅಂದ್ರೆ, ಮೆದುಳಿನ ಬುಡದ ಒಂದು ಸಣ್ಣ ಜೀವಕೋಶಗಳ ಗುಂಪು ಮೇಲಿನ ಪದರಕ್ಕೆಲ್ಲ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹಂಚ್ತದೆ, ನಮ್ಮ ಕಡೆ ಮಂದಿಗೆ ಹೇಳ್ಬೇಕು ಅಂದ್ರೆ ತುಂಗಭದ್ರಾ ಎಡದಂಡೆ ಕಾಲುವೆ ಇದ್ದಂಗೆ, ಅಲ್ಲಿ ನೀರು ಕಮ್ಮಿ ಆದ್ರೆ ಕೊನೆ ಭಾಗದ ಗದ್ದೆ ಎಲ್ಲಾ ಒಣಗ್ತದೆ. ಅಲ್ಜೈಮರ್ ಅನ್ನೋ ಮರೆವಿನ ಕಾಯಿಲೆಯಲ್ಲೂ ಇದು ಕಮ್ಮಿ ಆಗ್ತದೆ, ಆದ್ರೆ ಲೆವಿ ಬಾಡಿ ಕಾಯಿಲೆಯಲ್ಲಿ ಇನ್ನೂ ಬೇಗ, ಇನ್ನೂ ಜಾಸ್ತಿ. ಲೆವಿ ಅನ್ನೋ ವಿಜ್ಞಾನಿ 1912ರಲ್ಲಿ ಜೀವಕೋಶದೊಳಗೆ ಕಂಡ ಗುಂಡನೆ ಕಣಗಳಿಗೆ ಆ ಹೆಸರು, ಅವು ಮೆದುಳಿನ ಮೇಲ್ಪದರದಲ್ಲಿ ಹರಡಿ ಬುದ್ಧಿಗೇ ತೊಂದರೆ ಕೊಡ್ತಾವೆ ಅಂತ ಜಪಾನಿನ ಕೊಸಾಕಾ 1976ರಿಂದ ವಿವರಿಸಿದ್ರು. 2008ರಲ್ಲಿ ಇಟಲಿಯ ಬೊನಾನ್ನಿ ಮತ್ತವರ ತಂಡ ಇಇಜಿಯಲ್ಲೇ ವ್ಯತ್ಯಾಸ ತೋರಿಸ್ತು. ಅಲ್ಜೈಮರ್ ಶುರುವಲ್ಲಿ ಹಿಂಭಾಗದ ಲಯ ಸಾಮಾನ್ಯವಾಗಿ 8ರ ಮೇಲೇ ಉಳಿದಿರ್ತದೆ, ಲೆವಿ ಬಾಡಿಯಲ್ಲಿ ಅದು 8ರ ಕೆಳಗೆ ಇಳಿದು ಒಂದು ಕಡೆ ನಿಲ್ದೆ ಏರ್ತಾ ಇಳೀತಾ ಇರ್ತದೆ ಅಂತ. 2017ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದನ್ನ ಬೆಂಬಲ ಕೊಡೋ ಗುರುತು ಅಂತ ಸೇರಿಸಿದಾರೆ. ಬೆಂಬಲ ಕೊಡೋದು ಅಂತ ಮಾತ್ರ, ಇದೊಂದನ್ನೇ ಹಿಡಿದು ತೀರ್ಮಾನ ಮಾಡಿ ಅಂತ ಅಲ್ಲ.

ಜೂನ್‌ನ ರೆಕಾರ್ಡಿಂಗ್

ಅವತ್ತೇ ನಾವು ಒಂದು ಇಇಜಿ ಮಾಡಿದ್ವಿ. ಹಿಂಭಾಗದ ಲಯ 6ರಿಂದ 7, ನಡುನಡುವೆ ಮುಂಭಾಗದಲ್ಲಿ ಡೆಲ್ಟಾ. ನನಗೆ ನೋಡಿದ ಕೂಡ್ಲೇ ಇದು ಲೆವಿ ಬಾಡಿನೇ ಅನ್ನಿಸ್ತು, ಡಾಕ್ಟ್ರಿಗೂ ಹೇಳಿಬಿಟ್ಟೆ. ಅವರು ಒಪ್ಪಲಿಲ್ಲ. "ಈ ನಿಧಾನ ಇವರದಾ, ಮಾತ್ರೆದಾ? ಟ್ರೈಹೆಕ್ಸಿಫೆನಿಡಿಲ್ ಕೆಲಸ ಮಾಡೋದೇ ಅಸಿಟೈಲ್‌ಕೋಲಿನ್ ತಡೆದು. ವ್ಯಾಲ್‌ಪ್ರೋಯೇಟ್ ಅಮೋನಿಯಾ ಏರಿಸಿ ಮಂಪರು ತರಬಹುದು, ನಡುಕ ತರಬಹುದು. ಎರಡೂ ಹೊಟ್ಟೆಯಲ್ಲಿ ಇಟ್ಕೊಂಡು ತೆಗೆದ ಅಲೆ ನೋಡಿ ನಾನು ಒಬ್ಬ ಮನುಷ್ಯನಿಗೆ ಡಿಮೆನ್ಷಿಯಾ ಅಂತ ಬರೀಲಾ?" ಅಂದ್ರು. ಆ ಮಾತು ನನಗೆ ಇವತ್ತಿಗೂ ಪಾಠ.

ರಕ್ತ ಪರೀಕ್ಷೆ ಎಲ್ಲಾ ಆಯ್ತು, ಬಿ12, ಥೈರಾಯ್ಡ್, ಸೋಡಿಯಂ, ಕ್ರಿಯಾಟಿನಿನ್, ಲಿವರ್, ವಿಡಿಆರ್‌ಎಲ್ (ಸಿಫಿಲಿಸ್‌ದು), ಎಚ್‌ಐವಿ, ಅಮೋನಿಯಾ. ಬಿ12 ಸ್ವಲ್ಪ ಕಮ್ಮಿ ಇತ್ತು, ಇಂಜೆಕ್ಷನ್ ಶುರು ಮಾಡಿದ್ರು, ಉಳಿದದ್ದು ಸರಿ. ಎಂಆರ್‌ಐಯಲ್ಲಿ ವಯಸ್ಸಿಗೆ ತಕ್ಕ ಬದಲಾವಣೆ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಅಷ್ಟಾಗಿ ಕುಗ್ಗಿರ್ಲಿಲ್ಲ, ಗಡ್ಡೆ ಇಲ್ಲ, ರಕ್ತ ಹೆಪ್ಪುಗಟ್ಟಿಲ್ಲ, ನೀರು ತುಂಬಿಲ್ಲ. ಟ್ರೈಹೆಕ್ಸಿಫೆನಿಡಿಲ್, ವ್ಯಾಲ್‌ಪ್ರೋಯೇಟ್ ಎರಡನ್ನೂ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಿ, ಆಗಸ್ಟ್ ಕೊನೆಗೆ ಮತ್ತೆ ಬನ್ನಿ ಅಂದ್ರು. ಈ ಮಾತ್ರೆಗಳನ್ನ ಯಾರೂ ಮನೆಯಲ್ಲಿ ತಾವೇ ನಿಲ್ಲಿಸಬಾರದು, ಇವರಿಗೆ ಡಾಕ್ಟ್ರು ವಾರವಾರ ಫೋನ್‌ನಲ್ಲಿ ಕೇಳ್ತಾ ಇಳಿಸಿದ್ದು.

ಆಗಸ್ಟ್‌ನ ರೆಕಾರ್ಡಿಂಗ್

ಆ ಹೊತ್ತಿಗೆ ಇಲ್ಲಿ ಎಲ್ಲರ ಬಾಯಲ್ಲಿ ಒಂದೇ ಮಾತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಚಿ ಹೋಗಿತ್ತಲ್ಲ, ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಬಂದು ಹರಿಯೋ ನೀರಲ್ಲೇ ಸ್ಟಾಪ್ ಲಾಗ್ ಅನ್ನೋ ತಾತ್ಕಾಲಿಕ ಗೇಟು ಕೂರಿಸಿದ್ರಲ್ಲ, ಅದು. ನದಿ ಏರಿದ್ರೆ ಕಂಪ್ಲಿ ಸೇತುವೆ ಮುಳುಗ್ತದೆ ಅನ್ನೋ ಹೆದರಿಕೆಗೆ ಇವರು ಹೊಸಪೇಟೆ ಸುತ್ತಿ ಬಂದಿದ್ರು. ಯಜಮಾನ್ರು ಒಳಗೆ ಬಂದ ರೀತಿನೇ ಬೇರೆ, ನಡುಕ ಅರ್ಧಕ್ಕರ್ಧ ಇಳಿದಿತ್ತು, ನನ್ನ ನೋಡಿ "ಏನವ್ವಾ, ಆರಾಮಿದ್ದಿ?" ಅಂದ್ರು. ಹೆಜ್ಜೆ ಇನ್ನೂ ಸಣ್ಣವೇ ಇದ್ವು, ಬಲಗೈ ಬೀಸ್ತಿರ್ಲಿಲ್ಲ, ಅದು ಉಳೀತು.

ಮೊದ್ಲು ಕನ್ನಡದಲ್ಲಿರೋ ನೆನಪು ಬುದ್ಧಿಶಕ್ತಿ ಪರೀಕ್ಷೆ. ಇತ್ತೀಚಿನ ಸುದ್ದಿ ಏನಾದ್ರೂ ಹೇಳ್ರಿ ಅಂದ್ರೆ ಗೇಟಿನ ಕಥೆ ಪೂರ್ತಿ ಹೇಳಿದ್ರು, ಯಾವ ಗೇಟು, ಯಾವತ್ತು ರಾತ್ರಿ, ಎಡದಂಡೆ ರೈತರಿಗೆ ಎರಡನೇ ಬೆಳೆಗೆ ನೀರು ಸಿಗ್ತದೋ ಇಲ್ಲೋ ಅನ್ನೋ ಚಿಂತೆ ಸಮೇತ. ಹೇಳಿಕೊಟ್ಟ ಹೆಸರು ವಿಳಾಸ ಮರೆತ್ರೂ ಒಂದು ಸುಳಿವು ಕೊಟ್ರೆ ನೆನಪಾಗ್ತಿತ್ತು. ಆದ್ರೆ ನೂರರಿಂದ ಏಳು ಕಳೀತಾ ಹೋಗ್ರಿ ಅಂದಾಗ ಎರಡನೇದಕ್ಕೇ ನಿಂತ್ರು, ಮೂವತ್ತು ವರ್ಷ ಬಾಯಲ್ಲೇ ಲೆಕ್ಕ ಮಾಡಿದ ಮನುಷ್ಯ. ಗಡಿಯಾರ ಬರೆದು ಹನ್ನೊಂದು ಹತ್ತು ತೋರಿಸ್ರಿ ಅಂದ್ರೆ ಹನ್ನೆರಡೂ ಅಂಕಿನ ಬಲಗಡೆ ಅರ್ಧದಲ್ಲೇ ತುರುಕಿದ್ರು, ಮುಳ್ಳು ಒಂದು ಹನ್ನೊಂದಕ್ಕೆ, ಇನ್ನೊಂದು ಹತ್ತು ಅನ್ನೋ ಅಂಕಿಗೆ. ಪೆನ್ನು ಕೆಳಗಿಟ್ಟು ಅದನ್ನೇ ನೋಡ್ತಾ ಕೂತ್ರು. ತಪ್ಪಾಗ್ಯದ ಅಂತ ಅವರಿಗೆ ಗೊತ್ತಾಗ್ತಿತ್ತು, ಎಲ್ಲಿ ಅಂತ ಗೊತ್ತಾಗ್ತಿರ್ಲಿಲ್ಲ.

ಆಮೇಲೆ ನನ್ನ ರೂಮು. ಹಿಂದಿನ ದಿನ ಎಣ್ಣೆ ಹಚ್ಚದೆ ತಲೆ ತೊಳೆದು, ರಾತ್ರಿ ಚೆನ್ನಾಗಿ ಮಲಗಿಸಿ, ನಾಷ್ಟಾ ಮಾಡಿಸಿ ಕರ್ಕೊಂಡು ಬನ್ನಿ ಅಂತ ಮೊದ್ಲೇ ಹೇಳಿದ್ದೆ. ಫಿಟ್ಸ್‌ಗೆ ಎಷ್ಟೋ ಸಲ ನಿದ್ದೆಗೆಡಿಸಿ ಬರಕ್ಕೆ ಹೇಳ್ತೀವಿ, ಇಲ್ಲಿ ಅದಕ್ಕೆ ತದ್ವಿರುದ್ಧ, ನಮಗೆ ಬೇಕಾಗಿರೋದು ಎಚ್ಚರದ ಅಲೆ. ಮೂಗಿನ ಮೇಲಿನ ತಗ್ಗಿಂದ ಹಿಂದಲೆ ಗಂಟಿನವರೆಗೆ ಟೇಪ್ ಹಿಡಿದೆ, 36 ಸೆಂಟಿಮೀಟರ್, ಅದರ ಹತ್ತು ಪರ್ಸೆಂಟ್ 3.6, ಅಲ್ಲಿಂದ ಇಪ್ಪತ್ತು ಪರ್ಸೆಂಟ್ 7.2, ಹಿಂಗೆ ಪೆನ್ಸಿಲ್ ಗುರುತು ಹಾಕ್ತಾ 21 ಎಲೆಕ್ಟ್ರೋಡ್. ಈ ಅಳತೆ ಪದ್ಧತಿ 1958ರಿಂದ ಜಗತ್ತಿನಾದ್ಯಂತ ಒಂದೇ, ಅದಕ್ಕೇ ಬಳ್ಳಾರಿಯಲ್ಲಿ ತೆಗೆದಿದ್ದನ್ನ ಎಲ್ಲಿ ಬೇಕಾದ್ರೂ ಓದಬಹುದು. ಪ್ರತಿ ಎಲೆಕ್ಟ್ರೋಡ್‌ನ ತಡೆ 5 ಕಿಲೋ ಓಮ್ ಒಳಗೆ ಬರೋತನಕ ಚರ್ಮ ಉಜ್ಜಿ ಪೇಸ್ಟ್ ಹಚ್ಚಿದೆ. ಕೂಲರ್ ಬಂದ್ ಮಾಡಿದೆ, ಮೊಬೈಲ್ ಎಲ್ಲಾ ಹೊರಗೆ. ನಾವು ಹಿಡೀತಿರೋದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದ ಸಿಗ್ನಲ್, ಗೋಡೆ ಒಳಗಿನ 50 ಹರ್ಟ್ಜ್ ಕರೆಂಟು ಅದನ್ನ ಸುಲಭವಾಗಿ ಮುಚ್ಚಿಬಿಡ್ತದೆ. ವಿಡಿಯೋ ಆನ್ ಮಾಡಿ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ.

ಒಟ್ಟು 45 ನಿಮಿಷ. ಕಣ್ಣು ಮುಚ್ಚಿಸೋದು, ತೆಗೆಸೋದು, ಮಾತಾಡಿಸೋದು, ಪ್ರತಿಯೊಂದನ್ನೂ ಅಲೆ ಮೇಲೇ ಟೈಪ್ ಮಾಡ್ತಾ ಹೋದೆ. ಶುರುವಲ್ಲಿ ಹಿಂಭಾಗದ ಲಯ 7.5. ಕಣ್ಣು ತೆಗೆದಾಗ ಅಡಗಬೇಕಾದಷ್ಟು ಅಡಗಲಿಲ್ಲ. ಆರನೇ ನಿಮಿಷದಲ್ಲಿ "ಡ್ಯಾಮಿಗೆ ಒಟ್ಟು ಗೇಟು ಎಷ್ಟ್ರೀ?" ಅಂದೆ, "ಮೂವತ್ತ್ಮೂರವ್ವಾ" ಅಂತ ತಟ್ಟನೆ ಅಂದ್ರು. ಹದಿನಾಲ್ಕನೇ ನಿಮಿಷದ ಹತ್ರ ಅಲೆ ಅಗಲ ಆಗ್ತಾ ಬಂತು, 7, ಆಮೇಲೆ 6, ಇನ್ನೂ ಕೆಳಗೆ 5.5. ಜೊಂಪು ಹತ್ತಿರ್ಬೇಕು ಅಂತ ನೋಡಿದೆ. ಮುಂದಲೆ ಚಾನೆಲ್‌ನಲ್ಲಿ ಕಣ್ಣು ಮಿಟುಕಿಸಿದ ಗುರುತು ಬರ್ತಾನೇ ಇದೆ, ಕಪಾಳದ ಸ್ನಾಯು ಬಿಗಿ ಇದೆ, ಜೊಂಪಿಗೆ ಮುಂಚೆ ಕಣ್ಣುಗುಡ್ಡೆ ನಿಧಾನಕ್ಕೆ ಹೊರಳ್ತದಲ್ಲ, ಅದಿಲ್ಲ. ಅಂದ್ರೆ ಎಚ್ಚರ ಇದ್ದಾರೆ. ಅದೇ ಪ್ರಶ್ನೆ ಮತ್ತೆ ಕೇಳಿದೆ, ಗೇಟು ಎಷ್ಟು? ಅವರು ನನ್ನ ಕಡೆ ತಿರುಗಿ ನೋಡಿದ್ರು, ತುಟಿ ಅಲ್ಲಾಡ್ತು, ಮಾತು ಬರ್ಲಿಲ್ಲ. ನಾನು ಗಡಿಯಾರ ನೋಡ್ತಾ ಕೂತೆ. ಹನ್ನೆರಡು ಸೆಕೆಂಡ್ ಆದ ಮೇಲೆ "ಮೂ...ವತ್ತ್ಮೂರು" ಅಂದ್ರು. ಇನ್ನೊಂದು ನಿಮಿಷಕ್ಕೆ ಅಲೆ ಮತ್ತೆ 7ರ ಮೇಲೆ ಬಂತು, ಮನುಷ್ಯನೂ ಬಂದ್ರು, "ಚಾ ಸಿಗ್ತದೇನವ್ವಾ ಇದಾದ ಮ್ಯಾಲ" ಅಂತ ಕೇಳಿದ್ರು. ಆ 45 ನಿಮಿಷದಲ್ಲಿ ಇಂಥ ಇಳಿತ ನಾಕು ಸಲ.

ಸೊಸೆ ಹೇಳ್ತಿದ್ದ "ತಾಟಿನ ಮುಂದ ಗೋಡೆ ನೋಡ್ತಾ ಕುಂದರ್ತಾರ" ಅನ್ನೋದು ಏನು ಅಂತ ನನಗೆ ಆವತ್ತು ಸ್ಕ್ರೀನ್ ಮೇಲೆ ಕಂಡಂಗಾಯ್ತು. ಒಂದು ಉತ್ತರ ತಡ ಆಗಿದ್ದನ್ನ ಇಟ್ಕೊಂಡು ವಿಜ್ಞಾನ ಮಾಡಬಾರದು ಅಂತ ಡಾಕ್ಟ್ರು ಎಚ್ಚರಿಸಿದ್ರು, ಸರಿನೇ. ಆದ್ರೆ ಅವರೂ ಆ ವಿಡಿಯೋನ ಮೂರು ಸಲ ಹಾಕಿ ನೋಡಿದ್ರು.

ತೀರ್ಮಾನಕ್ಕೆ ಬಂದಿದ್ದು ಹೆಂಗೆ

ಮಾತ್ರೆ ನಿಂತ ಮೇಲೂ ಅಲೆ ನಿಧಾನ ಉಳೀತು, ಬರೀ ನಿಧಾನ ಅಲ್ಲ, ಏರಿಳಿತ ಇತ್ತು, ಅದೂ ಪೂರ್ತಿ ಎಚ್ಚರದಲ್ಲಿ. ಕೊನೆಗೆ ಸ್ವಲ್ಪ ಮಲಗಿಸಿ ತೆಗೆದ ಭಾಗದಲ್ಲೂ ಫಿಟ್ಸ್‌ನ ಚೂಪು ಅಲೆ ಒಂದೂ ಸಿಗಲಿಲ್ಲ. ಒಂದು ಇಇಜಿಯಲ್ಲಿ ಸಿಗದಿದ್ರೆ ಫಿಟ್ಸ್ ಇಲ್ಲವೇ ಇಲ್ಲ ಅನ್ನಕ್ಕಾಗಲ್ಲ, ಆದ್ರೆ ಮನೆಯವರು ಹೇಳಿದ ಕಥೆಯಲ್ಲೂ ಫಿಟ್ಸ್‌ನ ಲಕ್ಷಣ ಇರ್ಲಿಲ್ಲ, ಹಳೇ ರಿಪೋರ್ಟಿನ ಆಧಾರ ಜೊಂಪಿನ ಅಲೆ ಅಂತ ಆಗ್ಲೇ ಗೊತ್ತಾಗಿತ್ತು. ಲಿವರ್ ಕೆಟ್ಟಾಗ ಬರೋ ಮೂರು ಮಡಿಕೆ ಅಲೆ ಇರ್ಲಿಲ್ಲ. ಖಿನ್ನತೆಯಿಂದ ಮಂಕಾಗಿದ್ರೆ ಆಲ್ಫಾ ಇಷ್ಟು ಕೆಡಲ್ಲ. ತಿಂಗಳೊಪ್ಪತ್ತಿನಲ್ಲೇ ಮೆದುಳು ಕೆಡಿಸೋ ಸಿಜೆಡಿ ಅನ್ನೋ ಅಪರೂಪದ ಕಾಯಿಲೆಯಲ್ಲಿ ಸೆಕೆಂಡಿಗೊಂದರಂತೆ ಬರೋ ಅಲೆ ಇರ್ತದೆ, ಅದೂ ಇಲ್ಲ, ಇವರದ್ದು ವರ್ಷಗಳ ಕಥೆ.

ಇದರ ಪಕ್ಕಕ್ಕೆ ಏರಿಳಿಯೋ ಎಚ್ಚರ, ಕಣ್ಣಿಗೆ ಕಾಣೋ ಹುಡುಗ್ರು, ನಿದ್ದೆಯಲ್ಲಿ ಒದೆಯೋದು, ಸಣ್ಣ ಹೆಜ್ಜೆ, ಹ್ಯಾಲೋಪೆರಿಡಾಲ್‌ಗೆ ಕಟ್ಟಿಗೆ ಆಗಿದ್ದು ಎಲ್ಲಾ ಇಟ್ಟಾಗ ಲೆವಿ ಬಾಡಿ ಡಿಮೆನ್ಷಿಯಾ, ಇನ್ನೂ ಶುರುವಿನ ಹಂತ, ಅಂತ ಡಾಕ್ಟ್ರು ಬರೆದ್ರು. 2017ರ ಮಾನದಂಡದ ಪ್ರಕಾರ ಮುಖ್ಯ ಲಕ್ಷಣ ಎರಡಿದ್ರೂ ಸಾಕು, ಇವರಿಗೆ ಎರಡಕ್ಕಿಂತ ಜಾಸ್ತಿನೇ ಇದ್ವು. ಹಂಗಾದ್ರೆ ಇಇಜಿ ಇಲ್ಲದೇನೂ ಹೇಳಬಹುದಿತ್ತಲ್ಲ ಅಂತ ಕೇಳಬಹುದು. ಹೇಳಬಹುದಿತ್ತು, ಕೇಳೋರು ಸರಿಯಾಗಿ ಕೇಳಿದ್ರೆ. ಆದ್ರೆ ಅವರ ಫೈಲಲ್ಲಿ ಫಿಟ್ಸ್ ಅಂತ ಬರೆದಿತ್ತು, ಆ ಹಣೆಪಟ್ಟಿ ತೆಗೆದು ಹಾಕಿದ್ದು ಇಇಜಿ, ಯಾಕಂದ್ರೆ ಹಚ್ಚಿದ್ದೂ ಇಇಜಿನೇ. ಇನ್ನೊಂದು, ಈ ಕಾಯಿಲೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಕೊಡೋ ಪರೀಕ್ಷೆಗಳು ಅಂದ್ರೆ ಡೋಪಮೈನ್ ಸ್ಕ್ಯಾನ್, ಹೃದಯದ ಎಂಐಬಿಜಿ ಸ್ಕ್ಯಾನ್, ರಾತ್ರಿಯಿಡೀ ಮಾಡೋ ನಿದ್ದೆ ಪರೀಕ್ಷೆ. ಅವಕ್ಕೆಲ್ಲ ದೊಡ್ಡ ಊರಿಗೆ ಹೋಗ್ಬೇಕು, ದುಡ್ಡೂ ಬೇಕು. ಇಇಜಿ ಮಷೀನು ಜಿಲ್ಲಾ ಕೇಂದ್ರದಲ್ಲೇ ಅದೆ, ಖರ್ಚು ಎಂಆರ್‌ಐಗಿಂತ ಎಷ್ಟೋ ಕಮ್ಮಿ, ಸೂಜಿ ಚುಚ್ಚಂಗಿಲ್ಲ, ಎಷ್ಟು ಸಲ ಬೇಕಾದ್ರೂ ಮಾಡಬಹುದು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಇಇಜಿ ನಾರ್ಮಲ್ ಬಂತು ಅಂದ್ರೆ ಡಿಮೆನ್ಷಿಯಾ ಇಲ್ಲ ಅಂತಲ್ಲ, ಅಲ್ಜೈಮರ್ ಶುರುವಲ್ಲಿ ಎಷ್ಟೋ ಜನರದ್ದು ನಾರ್ಮಲ್ಲೇ ಇರ್ತದೆ. ನಿಧಾನ ಬಂತು ಅಂದ್ರೆ ಡಿಮೆನ್ಷಿಯಾ ಅಂತಲೂ ಅಲ್ಲ, ಸೋಡಿಯಂ ಇಳಿದ್ರೂ, ಕಿಡ್ನಿ ಕೆಟ್ರೂ, ನಿದ್ದೆ ಮಾತ್ರೆ ತಗೊಂಡ್ರೂ ನಿಧಾನ ಆಗ್ತದೆ. ಥೀಟಾ ಆಲ್ಫಾ ಅನುಪಾತ ಲೆಕ್ಕ ಹಾಕೋದು, ಕಂಪ್ಯೂಟರ್‌ಗೆ ಸಾವಿರಾರು ಇಇಜಿ ಕಲಿಸಿ ಮುಂಚೆನೇ ಗುರುತಿಸೋದು, ಇದರ ಮೇಲೆ ಸಂಶೋಧನೆ ಜೋರಾಗಿ ನಡೀತಿದೆ, ನನಗೂ ಅದರ ಮೇಲೆ ಆಸೆ ಅದೆ. ಆದ್ರೆ ಬಣ್ಣಬಣ್ಣದ ಬ್ರೇನ್ ಮ್ಯಾಪ್ ತೋರಿಸಿ ನಿಮಗೆ ಮರೆವಿನ ಕಾಯಿಲೆ ಬರ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. 2023ರಲ್ಲಿ ಬಂದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಲ್ಲಿ ನಮ್ಮ ದೇಶದ 60 ದಾಟಿದೋರಲ್ಲಿ ಶೇಕಡಾ 7.4 ಜನರಿಗೆ, ಅಂದ್ರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಅದೆ. ಇಷ್ಟು ಜನರ ಹೆದರಿಕೆನ ವ್ಯಾಪಾರ ಮಾಡ್ಕೊಳೋದು ಪಾಪ.

ಆಮೇಲೆ

ರಿವಾಸ್ಟಿಗ್ಮಿನ್ ಸಣ್ಣ ಡೋಸಿಂದ ಶುರು ಮಾಡಿದ್ರು, 1.5 ಮಿಲಿಗ್ರಾಂ ದಿನಕ್ಕೆ ಎರಡು ಸಲ. ಅಸಿಟೈಲ್‌ಕೋಲಿನ್ ಕರಗಿ ಹೋಗೋದನ್ನ ತಡೆಯೋ ಔಷಧಿ ಅದು. ಮೊದ್ಲ ವಾರ ವಾಕರಿಕೆ ಬಂತು, ಊಟದ ಜೊತೆ ಕೊಟ್ಟ ಮೇಲೆ ತಡ್ಕೊಂಡ್ರು. ನಿದ್ದೆಗೆ ಮೆಲಟೋನಿನ್. ಮಂಚ ತೆಗೆದು ನೆಲಕ್ಕೆ ಗಾದಿ, ಗೋಡೆ ಮೂಲೆಗೆ ದಿಂಬು, ರಾತ್ರಿ ಒಂದು ಸಣ್ಣ ಬಲ್ಬು. ಅಕ್ಕಿ ಚೀಲನ ಪಡಸಾಲೆಯಿಂದ ಒಳಕೋಣೆಗೆ ಸಾಗಿಸಿದ್ರು, ಮಬ್ಬು ಬೆಳಕಲ್ಲಿ ಉಬ್ಬು ತಗ್ಗು ಕಂಡಾಗ ಕಣ್ಣು ಅದಕ್ಕೆ ಮುಖ ಕಟ್ತದೆ ಅಂತ ಡಾಕ್ಟ್ರು ಹೇಳಿದ್ರು. ಹುಡುಗ್ರು ಇಲ್ಲ ಅಂತ ಜಗಳ ಆಡಬೇಡಿ, ಅವರಿಗೆ ಹೆದರಿಕೆ ಆಗಿಲ್ಲ ಅಂದ್ರೆ ಸುಮ್ನೆ ಬಿಡಿ ಅಂದ್ರು.

2025ರ ಫೆಬ್ರವರಿಯಲ್ಲಿ ಮೂರನೇ ರೆಕಾರ್ಡಿಂಗ್. ಲಯ ಹೆಚ್ಚಿನಂಶ 7.5ರಿಂದ 8ರ ನಡುವೆ, ಇಳಿತ ಒಂದೇ ಸಲ. ವಾಸಿ ಆಯ್ತು ಅಂತ ಅಲ್ಲ, ಈ ಕಾಯಿಲೆ ವಾಸಿ ಆಗಲ್ಲ, ಮುಂದೆ ಹೋಗೇ ಹೋಗ್ತದೆ ಅಂತ ಮನೆಯವರಿಗೆ ಡಾಕ್ಟ್ರು ಮುಚ್ಚಿಡದೆ ಹೇಳಿದ್ರು. ಹುಡುಗ್ರ ಬಗ್ಗೆ ನಾನು ಕೇಳಿದಾಗ "ಬರ್ತಾವವ್ವಾ ಒಂದೊಂದು ದಿನ. ನಿಜ ಅಲ್ಲ ಅಂತ ಈಗ ಗೊತ್ತಾಗ್ತದ. ಆದ್ರೂ ರೊಟ್ಟಿ ತಿನ್ನುವಾಗ ಒಂಥರಾ ಆಕ್ಕತಿ" ಅಂದ್ರು. ನನಗೆ ಮುಂದೆ ಏನು ಮಾತಾಡ್ಬೇಕು ಅಂತ ತೋಚಲಿಲ್ಲ, ಅವರ ಹಣೆ ಮೇಲಿನ ಪೇಸ್ಟ್ ಒರೆಸ್ತಾ ನಿಂತೆ.

ಮೊದಲ ಸಲ ರೋಗ ಗೊತ್ತಾದಾಗಲೇ ಡಾಕ್ಟ್ರು ಒಂದು ಕಾರ್ಡ್ ಬರೆದುಕೊಟ್ಟಿದ್ರು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. "ಇವರಿಗೆ ಲೆವಿ ಬಾಡಿ ಡಿಮೆನ್ಷಿಯಾ ಇದೆ. ಹ್ಯಾಲೋಪೆರಿಡಾಲ್ ಕೊಡಬೇಡಿ. ಏಕಾಏಕಿ ಗೊಂದಲ ಆದರೆ ಮೊದಲು ಸೋಂಕು, ಸೋಡಿಯಂ, ಮೂತ್ರ ಕಟ್ಟಿದೆಯಾ ನೋಡಿ." ನಾನೇ ಅದನ್ನ ಲ್ಯಾಮಿನೇಟ್ ಮಾಡಿಸಿ ತಂದಿದ್ದೆ. ಮಾರ್ಚ್‌ನಲ್ಲಿ ಯಜಮಾನ್ರಿಗೆ ಜ್ವರ ಬಂದು ರಾತ್ರಿ ಮತ್ತೆ ಹಿಂದಿನಂಗೇ ಗಲಾಟೆ ಆಯ್ತಂತೆ. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟ್ರು, ಚಿಕ್ಕ ವಯಸ್ಸಿನ ಹುಡುಗ, ಇಂಜೆಕ್ಷನ್ ತರಕ್ಕೆ ಹೇಳಿದ್ರಂತೆ. ಸೊಸೆ ಮಾವನ ಅಂಗಿ ಜೇಬಿಂದ ಕಾರ್ಡ್ ತೆಗೆದು ಕೈಗೆ ಕೊಟ್ಟಿದಾರೆ. ಅವರು ಎರಡೂ ಕಡೆ ಓದಿ, ಇಂಜೆಕ್ಷನ್ ಬೇಡ ಅಂದು, ಮೂತ್ರ ಪರೀಕ್ಷೆಗೆ ಬರೆದ್ರಂತೆ. ಮೂತ್ರದ ಸೋಂಕು. ಆಂಟಿಬಯೋಟಿಕ್ ಶುರುವಾಗಿ ನಾಕನೇ ದಿನಕ್ಕೆ ಯಜಮಾನ್ರು ಎದ್ದು ಕೂತು ಭತ್ತದ ರೇಟು ಕೇಳಿದಾರೆ.

ಅಂಗಿ ಒಗೆಯುವಾಗ ತೆಗೆಯೋದು ಮರೆತು ಆ ಕಾರ್ಡಿನ ಒಂದು ಮೂಲೆ ಬಿಚ್ಚಿಕೊಂಡಿದೆ ಅಂತ ಸೊಸೆ ಫೋಟೋ ಕಳಿಸಿದ್ರು. ಇನ್ನೆರಡು ಮಾಡಿಸಿದೀನಿ, ಒಂದು ಅವರ ಜೇಬಿಗೆ, ಒಂದು ಸೊಸೆ ಪರ್ಸಿಗೆ.